ಗೇಮ್ ಲೋಡ್ ಆಗಲು ಇಷ್ಟು ತಡವೇಕೆ?

"ಮೇಡಂ, ಹೊಸ ಪಿಸಿ. ಆದರೂ ಗೇಮ್ ಲೋಡ್ ಆಗಲು ಮೂರು ನಿಮಿಷ ಬೇಕು. ರ‍್ಯಾಮ್ ಹಾಕಿಸಬೇಕೇ, ಗ್ರಾಫಿಕ್ಸ್ ಕಾರ್ಡ್ ಬದಲಿಸಬೇಕೇ?" ಗಣಕ ವಿಜ್ಞಾನ ತರಗತಿಯಲ್ಲಿ ಪ್ರತಿವರ್ಷ ನನಗೆ ಎದುರಾಗುವ ಪ್ರಶ್ನೆಯಿದು. ನಾನು ಹೇಳುವುದಿಷ್ಟೇ: ಮನೆಯವರ ಹತ್ತಿರ ದುಡ್ಡು ಕೇಳುವ ಮೊದಲು ಕಾರಣ ಹುಡುಕಿ.

ಗೇಮ್ ಲೋಡ್ ಆಗುವಾಗ ಡ್ರೈವ್‌ನಿಂದ ಕಡತಗಳನ್ನು ಓದಬೇಕು. ಕುಗ್ಗಿಸಿಟ್ಟ ಕಡತಗಳನ್ನು ಪ್ರೊಸೆಸರ್ ಬಿಡಿಸಬೇಕು. ಆಮೇಲೆ ಅವು ರ‍್ಯಾಮ್‌ಗೆ, ಚಿತ್ರಗಳು ಗ್ರಾಫಿಕ್ಸ್ ಕಾರ್ಡಿನ ಮೆಮೊರಿಗೆ ಸೇರಬೇಕು. ಆನ್‌ಲೈನ್ ಆಟವಾದರೆ ಸರ್ವರ್‌ಗೂ ಕಾಯಬೇಕು. ಇವುಗಳಲ್ಲಿ ಒಂದು ನಿಧಾನವಾದರೆ ಉಳಿದವು ಸುಮ್ಮನೆ ಕಾಯುತ್ತವೆ.

ಮೊದಲು, ಗೇಮ್ ಯಾವ ಡ್ರೈವ್‌ನಲ್ಲಿದೆ ನೋಡಿ. ಎಷ್ಟೋ ಪಿಸಿಗಳಲ್ಲಿ ವಿಂಡೋಸ್ ಎಸ್‌ಎಸ್‌ಡಿಯಲ್ಲಿದ್ದರೆ ಗೇಮ್ ಹಾರ್ಡ್ ಡಿಸ್ಕ್‌ನಲ್ಲಿರುತ್ತದೆ. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕ್‌ಗೆ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡು ಬೇಕು. ಸಾವಿರಾರು ತುಣುಕುಗಳನ್ನು ಅಲ್ಲಲ್ಲಿಂದ ಹುಡುಕಿ ಓದುವಾಗ ಈ ಸಮಯ ಕೂಡುತ್ತಾ ಹೋಗುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಅದರಲ್ಲಿ ಜಾಗವಿದ್ದರೆ ಗೇಮನ್ನು ಅಲ್ಲಿಗೆ ವರ್ಗಾಯಿಸಿ, ಪೈಸೆ ಖರ್ಚಿಲ್ಲ.

ಆಮೇಲೂ ನಿಧಾನವೇ? ಗೇಮ್ ಲೋಡ್ ಆಗುತ್ತಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಡಿಸ್ಕ್ ಬಳಕೆ 100% ಇದ್ದರೆ ಅಡಚಣೆ ಅಲ್ಲಿದೆ. ಮೆಮೊರಿ ತುಂಬಿದ್ದರೆ ಬ್ರೌಸರ್ ಮುಚ್ಚಿ ನೋಡಿ. ಸಿಪಿಯು ಬಳಕೆ ಕಡಿಮೆ ಕಂಡರೂ ಅದು ಬಿಡುವಾಗಿದೆ ಎಂದುಕೊಳ್ಳಬೇಡಿ. ಎಂಟು ಕೋರ್‌ಗಳಲ್ಲಿ ಒಂದೇ ಪೂರ್ತಿ ದುಡಿಯುತ್ತಿದ್ದರೆ ಒಟ್ಟು ಲೆಕ್ಕದಲ್ಲಿ ಅದು ಎಂಟನೇ ಒಂದು ಭಾಗ ಮಾತ್ರ.

ಜಿಟಿಎ ಆನ್‌ಲೈನ್ ಆಟದಲ್ಲಿ ಆದದ್ದು ಇದೇ. ಅದು ಲೋಡ್ ಆಗಲು ಹಲವು ನಿಮಿಷ ಹಿಡಿಯುತ್ತಿತ್ತು. 2021ರಲ್ಲಿ ಪ್ರೋಗ್ರಾಮರ್ ಒಬ್ಬರು ಪರೀಕ್ಷಿಸಿದಾಗ ಡಿಸ್ಕ್, ಇಂಟರ್ನೆಟ್ ಎರಡೂ ಬಿಡುವಾಗಿದ್ದವು. ಒಂದು ಕೋರ್ ಮಾತ್ರ ಪೂರ್ತಿ ದುಡಿಯುತ್ತಿತ್ತು. ಆಟದೊಳಗೆ ಮಾರುವ ಸುಮಾರು 63,000 ವಸ್ತುಗಳ ಪಟ್ಟಿಯನ್ನು ಪ್ರೋಗ್ರಾಂ ಓದುತ್ತಿತ್ತು. ಪ್ರತಿ ವಸ್ತು ಓದಿದಾಗಲೂ ಅದು ಮೊದಲೇ ಬಂದಿದೆಯೇ ಎಂದು ಹಿಂದಿನ ಎಲ್ಲವನ್ನೂ ಒಂದೊಂದಾಗಿ ಹೋಲಿಸುತ್ತಿತ್ತು. ಲೆಕ್ಕ ಹಾಕಿ: 63,000 ಗುಣಿಸು 63,000, ಅದರ ಅರ್ಧ. ಸುಮಾರು 198 ಕೋಟಿ ಹೋಲಿಕೆ! ಸಾಲದ್ದಕ್ಕೆ, ಪಟ್ಟಿಯ ಪ್ರತಿ ತುಣುಕು ಓದುವಾಗಲೂ ಉಳಿದ ಪಠ್ಯದ ಉದ್ದವನ್ನು ಕೊನೆಯವರೆಗೂ ಮತ್ತೆ ಅಳೆಯುತ್ತಿತ್ತು. ಈ ಎರಡನ್ನೂ ಸರಿಪಡಿಸಿದಾಗ ಅವರ ಪಿಸಿಯಲ್ಲಿ ಆರು ನಿಮಿಷದ ಕೆಲಸ ಎರಡು ನಿಮಿಷದೊಳಗೆ ಮುಗಿಯಿತು. ಕಂಪನಿ ರಾಕ್‌ಸ್ಟಾರ್ ಅದನ್ನು ಒಪ್ಪಿ, ಆಟವನ್ನು ತಿದ್ದಿ, ಅವರಿಗೆ 10,000 ಡಾಲರ್ ಬಹುಮಾನ ಕೊಟ್ಟಿತು.

ಇಂಥ ಕಡೆ ದುಬಾರಿ ಎಸ್‌ಎಸ್‌ಡಿ ಹಾಕಿದರೂ ಫಲವಿಲ್ಲ. ಗೇಮ್ ಅಪ್‌ಡೇಟ್ ಮಾಡುವುದೇ ದಾರಿ.

ಪರೀಕ್ಷಿಸುವಾಗ ಸಮಯವನ್ನು ಬರೆದಿಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಪ್ರತಿ ಸಲವೂ ಪಿಸಿ ರೀಸ್ಟಾರ್ಟ್ ಮಾಡಿ. ಇಲ್ಲದಿದ್ದರೆ ಮೊದಲೇ ಓದಿದ ಕಡತಗಳು ರ‍್ಯಾಮ್‌ನಲ್ಲಿ ಉಳಿದು ಎರಡನೇ ಸಲ ಬೇಗ ಲೋಡ್ ಆದಂತೆ ಕಾಣುತ್ತದೆ.

ಲ್ಯಾಬ್‌ಗೆ ಒಂದು ಅಭ್ಯಾಸ: 63,000 ಸಂಖ್ಯೆಗಳಲ್ಲಿ ಪುನರಾವರ್ತನೆ ಹುಡುಕುವ ಪ್ರೋಗ್ರಾಂ ಬರೆಯಿರಿ. ಒಮ್ಮೆ ಪೈಥಾನ್ ಲಿಸ್ಟ್‌ನಿಂದ, ಒಮ್ಮೆ ಸೆಟ್‌ನಿಂದ. ಎರಡರ ಸಮಯ ಹೋಲಿಸಿ ನನಗೆ ತೋರಿಸಿ.