ಸರಾಸರಿಯೂ ಅದರ ಆಚೆ ಈಚೆಯೂ

ಗಣಿತವು ಪರೀಕ್ಷೆಯೊಡನೆ ಮುಗಿದುಹೋಗುವ ವಿದ್ಯೆಯೆಂದು ನಮ್ಮಲ್ಲಿ ಅನೇಕರು ಭಾವಿಸಿರುವರು. ಆದರೆ ಮನೆಯನ್ನು ಎಷ್ಟು ಹೊತ್ತಿಗೆ ಬಿಡಬೇಕು, ಮಗಳ ಅಂಕಗಳು ಇಳಿದುದಕ್ಕೆ ಎಷ್ಟು ಚಿಂತಿಸಬೇಕು ಎಂಬೀ ಪ್ರಶ್ನೆಗಳೂ ಗಣಿತಕ್ಕೆ ಸೇರಿದವೇ. ಇವನ್ನು ಬಿಡಿಸಲು ಸಾಮಾನ್ಯ ವಿತರಣೆ ಎಂಬ ಸಾಧನವೊಂದುಂಟು.

ಹೊಳೆನರಸೀಪುರದಿಂದ ಹಾಸನಕ್ಕೆ ಓದಲು ಬರುವ ಬಾಲಿಕೆಯೊಬ್ಬಳನ್ನು ನೆನೆಯಿರಿ. ಬಸ್ಸಿನ ಪ್ರಯಾಣಕ್ಕೆ ಸರಾಸರಿ 60 ನಿಮಿಷಗಳೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಒಂದು ದಿನ 53 ಆದೀತು, ಮತ್ತೊಂದು ದಿನ 66. ದಾರಿಯಲ್ಲಿ ಹತ್ತುವ ಜನ, ಎದುರಾಗುವ ಗಾಡಿ, ತುಂತುರು ಮಳೆ ಮುಂತಾದ ಸಣ್ಣ ಸಣ್ಣ ಕಾರಣಗಳು ಒಂದನ್ನೊಂದು ಅವಲಂಬಿಸದೆ ಕೂಡಿ ಈ ವ್ಯತ್ಯಾಸವನ್ನು ಉಂಟುಮಾಡುತ್ತವೆ. ಇಂತಹ ಅನೇಕ ಕಾರಣಗಳ ಮೊತ್ತವು ಘಂಟೆಯ ಆಕಾರದ ರೇಖೆಯೊಂದನ್ನು ಅನುಸರಿಸುತ್ತದೆ. ಇದನ್ನು 1733ರಲ್ಲಿ ಡಿ ಮಾವ್ರ್ ಎಂಬಾತನು ನಾಣ್ಯ ಚಿಮ್ಮುವ ಲೆಕ್ಕದಲ್ಲಿ ಕಂಡನು; 1809ರಲ್ಲಿ ಗೌಸನು ಗ್ರಹವೀಕ್ಷಣೆಯ ತಪ್ಪುಗಳಿಗೆ ಅನ್ವಯಿಸಿದನು. ಸಂಖ್ಯಾಶಾಸ್ತ್ರವನ್ನು ಮುಂದೆ ಬೆಳೆಸಿದ ಮಹನೀಯರಲ್ಲಿ, 1920ರಲ್ಲಿ ಹೂವಿನಹಡಗಲಿಯಲ್ಲಿ ಜನಿಸಿದ ಸಿ. ಆರ್. ರಾವ್ ಅವರೂ ಒಬ್ಬರೆಂಬುದು ಕನ್ನಡ ನಾಡಿಗೆ ಸಂತೋಷದ ಸಂಗತಿ.

ದಿನಗಳು ಸರಾಸರಿಯಿಂದ ಎಷ್ಟು ಚದುರಿರುವವೆಂಬುದರ ಅಳತೆಗೆ ಮಾನಕ ವಿಚಲನೆಯೆಂದು ಹೆಸರು. ಪ್ರತಿದಿನದ ವ್ಯತ್ಯಾಸವನ್ನು ವರ್ಗಿಸಿ, ಆ ವರ್ಗಗಳ ಸರಾಸರಿಗೆ ವರ್ಗಮೂಲವನ್ನು ತೆಗೆದರೆ ಅದು ದೊರೆಯುವುದು. ನಮ್ಮ ಬಸ್ಸಿಗೆ ಅದು 8 ನಿಮಿಷವಾಗಿರಲಿ. ಆಗ ನೂರು ದಿನಗಳಲ್ಲಿ ಸುಮಾರು 68 ದಿನ ಪ್ರಯಾಣವು 52ರಿಂದ 68 ನಿಮಿಷಗಳೊಳಗೂ, ಸುಮಾರು 95 ದಿನ 44ರಿಂದ 76 ನಿಮಿಷಗಳೊಳಗೂ ಮುಗಿಯುವುದು.

ಶಾಲೆಯ ಗಂಟೆ 9.30ಕ್ಕೆ, ಬಸ್ಸು ಹೊರಡುವುದು 8.20ಕ್ಕೆ. ಕೈಯಲ್ಲಿರುವುದು 70 ನಿಮಿಷ, ಅಂದರೆ ಸರಾಸರಿಗಿಂತ 10 ಹೆಚ್ಚು. ಇದನ್ನು 8ರಿಂದ ಭಾಗಿಸಿದರೆ 1.25. ಕೋಷ್ಟಕದಲ್ಲಿ ಇದಕ್ಕೆ ಎದುರಾಗಿರುವ ಸಂಖ್ಯೆ 0.8944, ಉಳಿದ 0.1056 ತಡವಾಗುವ ಸಂಭವ. ಹತ್ತು ದಿನಕ್ಕೊಮ್ಮೆ ತಡವಾದವಳನ್ನು ಸೋಮಾರಿಯೆನ್ನುವ ಮುನ್ನ ಇಷ್ಟನ್ನು ನೋಡಬೇಕು. ನೂರಕ್ಕೊಮ್ಮೆ ಮಾತ್ರ ತಡವಾಗಲೆಂದರೆ ಕೋಷ್ಟಕವನ್ನು ಹಿಂದುಮುಂದಾಗಿ ಓದಿ 2.33ನ್ನು ಪಡೆಯತಕ್ಕದ್ದು, ಅದರ ಎಂಟರಷ್ಟು ಸುಮಾರು 19. ಆದುದರಿಂದ 8.11ಕ್ಕೆ ಹೊರಡುವ ಬಸ್ಸು ಬೇಕು. ಒಂಬತ್ತೇ ನಿಮಿಷಗಳಿಂದ ತಡವು ಹತ್ತನೆಯ ಒಂದಂಶಕ್ಕೆ ಇಳಿಯಿತು!

ಇನ್ನು ಪೋಷಕರು ಮನಸ್ಸಿಟ್ಟು ನೋಡಬೇಕಾದ ಲೆಕ್ಕ. ಅರಕಲಗೂಡಿನ ಮನೆಯೊಂದರಲ್ಲಿ ಮಗಳಿಗೆ ಮೊದಲ ಪರೀಕ್ಷೆಯಲ್ಲಿ 52, ಎರಡನೆಯದರಲ್ಲಿ 46 ಅಂಕ ಬಂದಿತೆನ್ನಿ. "ಓದು ತಲೆಗೆ ಹತ್ತಲಿಲ್ಲ, ಬಿಡಿಸಿಬಿಡೋಣ" ಎಂದು ತಂದೆ ಹೇಳಬಹುದು. ಆದರೆ ತಿಳಿವಳಿಕೆ ಕಿಂಚಿತ್ತೂ ಬದಲಾಗದಿದ್ದರೂ, ಕೇಳಿದ ಪ್ರಶ್ನೆ, ಆ ದಿನದ ತಲೆನೋವು, ತಿದ್ದಿದವರ ಕೈ ಇವುಗಳಿಂದ ಅಂಕಗಳು ಏರಿಳಿಯುತ್ತವೆ. ಒಂದು ಪರೀಕ್ಷೆಗೆ ಆ ವಿಚಲನೆ 5 ಎಂದಿಟ್ಟುಕೊಂಡರೆ, ಎರಡು ಪರೀಕ್ಷೆಗಳ ಅಂತರಕ್ಕೆ ಅದು 10 ಆಗದು. 25ಕ್ಕೆ 25ನ್ನು ಕೂಡಿ, ಬಂದ 50ರ ವರ್ಗಮೂಲವಾದ 7.07 ಆಗುವುದು. 6ನ್ನು ಇದರಿಂದ ಭಾಗಿಸಿದರೆ 0.85, ಕೋಷ್ಟಕದ ಪ್ರಕಾರ ಉಳಿಯುವುದು 0.1977. ಎಂದರೆ, ಓದಿನಲ್ಲಿ ಏನೂ ಕುಂದದ ಐವರು ಬಾಲಿಕೆಯರಲ್ಲಿ ಒಬ್ಬಳಿಗೆ ಆರು ಅಥವಾ ಹೆಚ್ಚು ಅಂಕ ಇಳಿದೇ ಇಳಿಯುವುದು. ನಲವತ್ತು ಮಂದಿಯ ತರಗತಿಯಲ್ಲಿ ಎಂಟು ಮಂದಿ! ಇನ್ನೆಂಟು ಮಂದಿಗೆ ಅಷ್ಟೇ ಏರಿ, ಮನೆಯಲ್ಲಿ ಶಹಭಾಸ್ ದೊರೆಯುವುದು. ಅಂಕವು 20 ಇಳಿದರೆ ಮಾತು ಬೇರೆ: ಅಂತಹುದು ಸಾವಿರಕ್ಕೆ ಎರಡೋ ಮೂರೋ. ಆಗ ಕಣ್ಣಿನ ದೃಷ್ಟಿಯನ್ನೂ ಮನೆಗೆಲಸದ ಭಾರವನ್ನೂ ವಿಚಾರಿಸಬೇಕು.

ಈ ರೇಖೆಯನ್ನು ಎಲ್ಲೆಂದರಲ್ಲಿ ಹಚ್ಚಲಾಗದು. ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತರೆ, ಆ ಒಂದೇ ದೊಡ್ಡ ಕಾರಣವು ಸಣ್ಣವುಗಳನ್ನೆಲ್ಲ ನುಂಗಿಬಿಡುವುದು. ಊರಿನ ಮನೆಗಳ ವರಮಾನವೂ ಇದಕ್ಕೆ ಒಗ್ಗದು. ನಾಲ್ವರು ಸಿರಿವಂತರು ಸರಾಸರಿಯನ್ನು ಮೇಲಕ್ಕೆಳೆಯುವರು.

ಅಭ್ಯಾಸಕ್ಕಾಗಿ ಒಂದು ಲೆಕ್ಕ: ಚನ್ನರಾಯಪಟ್ಟಣದ ತೆಂಗಿನಕಾಯಿಗಳ ಸರಾಸರಿ ತೂಕ 500 ಗ್ರಾಂ, ಮಾನಕ ವಿಚಲನೆ 60 ಗ್ರಾಂ ಎಂದುಕೊಳ್ಳಿರಿ. ನೂರು ಕಾಯಿಗಳ ಚೀಲವು 49 ಕಿಲೋಗ್ರಾಮಿಗಿಂತ ಕಡಿಮೆ ತೂಗುವ ಸಂಭವವೆಷ್ಟು? ಚೀಲದ ವಿಚಲನೆ 60ರ ನೂರರಷ್ಟಲ್ಲ, ಹತ್ತರಷ್ಟು. ಉತ್ತರವು ನೂರಕ್ಕೆ ಐದಕ್ಕಿಂತ ತುಸು ಕಡಿಮೆ ಬರತಕ್ಕದ್ದು.