ಬರ್ಬನ್‌ನ ಧಾನ್ಯದ ಲೆಕ್ಕ: ಮೆಕ್ಕೆಜೋಳದ ಗಂಜಿಯನ್ನ ಸಿಹಿ ಮಾಡೋದು ಯಾರು?

ಇವತ್ತಿನ ಸಂಚಿಕೆ ಒಬ್ಬ ಕೇಳುಗರು ಕಳಿಸಿದ ಪ್ರಶ್ನೆಯಿಂದ ಹುಟ್ಟಿದ್ದು. ಅವರು ಅಮೆರಿಕದಲ್ಲಿದ್ದಾರೆ, ಮನೆಯಲ್ಲೇ ಬಿಯರ್ ಮಾಡುವ ಹವ್ಯಾಸ ಇದೆ. ಪ್ರಶ್ನೆ ಹೀಗಿತ್ತು: "ಬರ್ಬನ್‌ಗೆ ಹಾಕುವ ಧಾನ್ಯಗಳ ಪ್ರಮಾಣ ಬದಲಿಸಿ ಮನೆಯಲ್ಲಿ ಪ್ರಯೋಗ ಮಾಡಬಹುದಾ? ಬಾರ್ಲಿ ಮಾಲ್ಟ್ ಬದಲು ನಮ್ಮ ರಾಗಿ ಮಾಲ್ಟ್ ಹಾಕಿದರೆ ಏನಾಗತ್ತೆ?"

ಪ್ರಶ್ನೆ ಚೆನ್ನಾಗಿದೆ. ಆದರೆ ಉತ್ತರದ ಮೊದಲ ಭಾಗ ಕಾನೂನಿನದು, ಅದನ್ನ ಮುಗಿಸಿಬಿಡೋಣ.

ಅಮೆರಿಕದಲ್ಲಿ ಮನೆಬಳಕೆಗೆ ಬಿಯರ್ ಮಾಡೋದಕ್ಕೆ 1978ರ ಕಾಯ್ದೆ ದಾರಿ ಮಾಡಿಕೊಟ್ಟಿತು. ಫೆಡರಲ್ ಕಾನೂನಿನ ಪ್ರಕಾರ ಇಬ್ಬರು ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 200 ಗ್ಯಾಲನ್ ತನಕ ಮಾಡಬಹುದು. ಆದರೆ ಬಟ್ಟಿ ಇಳಿಸೋದು ಬೇರೆ ವಿಷಯ. ಪರವಾನಗಿ ಇಲ್ಲದೆ ಮದ್ಯ ಬಟ್ಟಿ ಇಳಿಸಿದರೆ, ಅದು ನೀವೊಬ್ಬರೇ ಕುಡಿಯೋಕೆ ಆದರೂ, ಐದು ವರ್ಷದ ತನಕ ಜೈಲು, 10,000 ಡಾಲರ್ ತನಕ ದಂಡ ಅಂತ ಫೆಡರಲ್ ಕಾನೂನು ಹೇಳುತ್ತೆ. 2024ರಲ್ಲಿ ಟೆಕ್ಸಾಸ್‌ನ ಫೆಡರಲ್ ನ್ಯಾಯಾಧೀಶರೊಬ್ಬರು ಈ ನಿಷೇಧ ಸಂವಿಧಾನಬಾಹಿರ ಅಂತ ತೀರ್ಪು ಕೊಟ್ಟರು. ಆದರೆ ಅದರ ರಕ್ಷಣೆ ದಾವೆ ಹೂಡಿದ ಹವ್ಯಾಸಿಗಳ ಸಂಘದವರಿಗೆ ಸೀಮಿತವಾಗಿತ್ತು. ಆ ಸುದ್ದಿಯ ತಲೆಬರಹ ಓದಿ ತಾಮ್ರದ ಬಟ್ಟಿಪಾತ್ರೆ ಆರ್ಡರ್ ಮಾಡಬೇಡಿ. ವೀಸಾದ ಮೇಲೆ, ಗ್ರೀನ್ ಕಾರ್ಡ್ ಮೇಲೆ ಇರುವವರಿಗಂತೂ ಇಂಥ ಒಂದು ಕ್ರಿಮಿನಲ್ ಪ್ರಕರಣ ಬರೀ ದಂಡ ಕಟ್ಟಿ ಮರೆಯುವಂಥದ್ದಲ್ಲ. ಬ್ರಿಟನ್ನಿನಲ್ಲೂ ಪರವಾನಗಿ ಬೇಕು. ನ್ಯೂಜಿಲೆಂಡಿನಲ್ಲಿ ಮಾತ್ರ 1996ರಿಂದ ಸ್ವಂತ ಬಳಕೆಗೆ ಮನೆಯಲ್ಲಿ ಬಟ್ಟಿ ಇಳಿಸಬಹುದು. ಗಲ್ಫಿನ ಕೇಳುಗರಿಗೆ ನಾನು ಹೇಳಬೇಕಾಗಿಯೇ ಇಲ್ಲ.

ಕಾನೂನನ್ನು ಪಕ್ಕಕ್ಕಿಟ್ಟರೂ ಅಪಾಯ ಇದ್ದೇ ಇದೆ. ಎಲ್ಲರೂ ಕೇಳೋದು ಮೆಥನಾಲ್ ಬಗ್ಗೆ. 2008ರ ಮೇ ತಿಂಗಳಲ್ಲಿ ಬೆಂಗಳೂರು, ಹೊಸೂರಿನ ಸುತ್ತಮುತ್ತ ಕಳ್ಳಬಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತದ್ದು ನಿಮಗೆ ನೆನಪಿರಬಹುದು. ಆದರೆ ಅಂಥ ದುರಂತಗಳಿಗೆ ಕಾರಣ ಕಾರ್ಖಾನೆಯ ಮೆಥನಾಲ್ ಬೆರಕೆ. ಹುದುಗುವಾಗ ಮೆಥನಾಲ್ ಹುಟ್ಟೋದು ಮುಖ್ಯವಾಗಿ ಪೆಕ್ಟಿನ್‌ನಿಂದ. ಅದು ಹಣ್ಣುಗಳಲ್ಲಿ ಜಾಸ್ತಿ, ಧಾನ್ಯದಲ್ಲಿ ತುಂಬಾ ಕಡಿಮೆ. ಮನೆಯ ಒಲೆ ಮೇಲೆ ಧಾನ್ಯದ ಮದ್ಯ ಕಾಸುವವನನ್ನ ಮೊದಲು ಹೊಡೆಯೋದು ಬೆಂಕಿ. ಸೋರುವ ಆಲ್ಕೋಹಾಲ್ ಆವಿಗೆ ಒಂದು ಕಿಡಿ ಸಾಕು.

ಹಾಗಾದರೆ ಪ್ರಯೋಗಕ್ಕೆ ಏನು ಉಳೀತು? ನನ್ನ ಪ್ರಕಾರ ಒಳ್ಳೇ ಭಾಗವೇ ಉಳೀತು. ಧಾನ್ಯದ ಪ್ರಮಾಣದ ಪರಿಣಾಮ ಮೊದಲು ಕಾಣೋದು ಬಟ್ಟಿಪಾತ್ರೆಯಲ್ಲಿ ಅಲ್ಲ, ಅದಕ್ಕೂ ಬಹಳ ಮುಂಚೆ, ಗಂಜಿ ಕಾಸುವ ಹಂತದಲ್ಲಿ. ಅಲ್ಲಿ ಆಲ್ಕೋಹಾಲ್ ಇನ್ನೂ ಹುಟ್ಟೇ ಇರಲ್ಲ.

ಬರ್ಬನ್ ಅಂದರೆ ಏನು ಅನ್ನೋದನ್ನ ಅಮೆರಿಕದ ನಿಯಮ ಹೇಳುತ್ತೆ. ಧಾನ್ಯದಲ್ಲಿ ಕನಿಷ್ಠ ಶೇ. 51 ಮೆಕ್ಕೆಜೋಳ ಇರಬೇಕು. ನಮ್ಮ ಬಿಳಿಜೋಳ ಅಲ್ಲ, ಮುಸುಕಿನ ಜೋಳ ಅಂತೀವಲ್ಲ, ಅದು. ಬಟ್ಟಿ ಇಳಿಸಿದಾಗ ಆಲ್ಕೋಹಾಲ್ ಶೇ. 80 ದಾಟಬಾರದು. ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಗೆ ಶೇ. 62.5ಕ್ಕಿಂತ ಮೇಲಿಲ್ಲದಂತೆ ತುಂಬಬೇಕು. ಬಣ್ಣ, ರುಚಿ ಬೆರೆಸುವಂತಿಲ್ಲ. ಅಮೆರಿಕದಲ್ಲೇ ತಯಾರಾಗಬೇಕು, ಆದರೆ ಕೆಂಟಕಿಯಲ್ಲೇ ಆಗಬೇಕು ಅಂತೇನಿಲ್ಲ.

ಉಳಿದ ಶೇ. 49ರಲ್ಲಿ ಏನಿರಬೇಕು ಅಂತ ನಿಯಮ ಹೇಳಲ್ಲ. ತಯಾರಕರ ಕೈಚಳಕ ಇರೋದು ಅಲ್ಲೇ. ಸಾಮಾನ್ಯವಾಗಿ ರೈ ಅಥವಾ ಗೋಧಿ, ಜೊತೆಗೆ ಸ್ವಲ್ಪ ಬಾರ್ಲಿ ಮಾಲ್ಟ್. ಈ ಪಟ್ಟಿಗೆ ಅವರ ಭಾಷೆಯಲ್ಲಿ ಮ್ಯಾಶ್ ಬಿಲ್ ಅಂತಾರೆ. ಮೇಕರ್ಸ್ ಮಾರ್ಕ್‌ನವರದು 70 ಮೆಕ್ಕೆಜೋಳ, 16 ಗೋಧಿ, 14 ಬಾರ್ಲಿ ಮಾಲ್ಟ್. ಫೋರ್ ರೋಸಸ್‌ನವರು ಎರಡು ಪಟ್ಟಿ ಇಟ್ಟುಕೊಂಡಿದ್ದಾರೆ: ಒಂದರಲ್ಲಿ 75, 20, 5, ಇನ್ನೊಂದರಲ್ಲಿ 60, 35, 5. ಅಲ್ಲಿ ನಡುವಿನ ಅಂಕಿ ರೈ. ಈ ಎರಡಕ್ಕೂ ಐದು ಬಗೆಯ ಯೀಸ್ಟ್ ಜೋಡಿಸಿ ಹತ್ತು ಪಾಕ ಮಾಡುತ್ತಾರೆ.

ಈ ಅಂಕಿಗಳನ್ನ ಜನ ರುಚಿಯ ಪಟ್ಟಿ ಅಂತ ಓದುತ್ತಾರೆ. ರೈ ಹಾಕಿದರೆ ಮೆಣಸು, ಲವಂಗದ ಖಾರ, ಗೋಧಿ ಹಾಕಿದರೆ ಮೃದು, ಜೋಳದಿಂದ ಸಿಹಿ. ತಪ್ಪೇನಿಲ್ಲ. ಆದರೆ ಮೂರನೇ ಅಂಕಿ, ಆ 14 ಅಥವಾ 5, ರುಚಿಗಿಂತ ಹೆಚ್ಚಾಗಿ ಕೆಲಸದ್ದು. ಮಾಲ್ಟ್ ಇಲ್ಲದಿದ್ದರೆ ಉಳಿದ ಧಾನ್ಯ ಬರೀ ಮುದ್ದೆ.

ಯಾಕೆ ಅಂತ ನೋಡೋಣ. ಕಾಳಿನಲ್ಲಿರೋದು ಪಿಷ್ಟ, ಅಂದರೆ ಗ್ಲೂಕೋಸ್ ಕಣಗಳ ಉದ್ದನೆಯ ಸರ. ಯೀಸ್ಟ್‌ಗೆ ಪಿಷ್ಟ ತಿನ್ನೋಕೆ ಬರಲ್ಲ, ಸಕ್ಕರೆ ಬೇಕು. ಪಿಷ್ಟವನ್ನ ಸಕ್ಕರೆ ಮಾಡೋದು ಕಿಣ್ವಗಳು. ಒಂದು ಉದ್ದನೆಯ ಮಲ್ಲಿಗೆ ದಂಡೆಯನ್ನ ನೆನೆಸಿಕೊಳ್ಳಿ. ಆಲ್ಫಾ ಅಮೈಲೇಸ್ ಅನ್ನೋ ಕಿಣ್ವ ಕತ್ತರಿ ಇದ್ದ ಹಾಗೆ, ದಂಡೆಯ ನಡುವೆ ಎಲ್ಲಿ ಬೇಕಾದರೂ ಕತ್ತರಿಸುತ್ತೆ. ಬೀಟಾ ಅಮೈಲೇಸ್ ತುದಿಯಿಂದ ಮಾತ್ರ ಎರಡೆರಡು ಹೂವನ್ನ ಕೀಳುತ್ತಾ ಬರುತ್ತೆ. ಆ ಎರಡು ಹೂವಿನ ಜೋಡಿಯೇ ಮಾಲ್ಟೋಸ್. ಕತ್ತರಿ ಹೆಚ್ಚು ತುಂಡು ಮಾಡಿದಷ್ಟೂ ಹೊಸ ತುದಿಗಳು ಸಿಗುತ್ತವೆ, ಕೀಳುವ ಕೆಲಸ ಬೇಗ ಆಗುತ್ತೆ. ಮೊಳಕೆ ಬರಿಸದ ಗೋಧಿ, ರೈಯಲ್ಲೂ ಬೀಟಾ ಅಮೈಲೇಸ್ ಒಂದಿಷ್ಟು ಇರುತ್ತೆ. ಆಲ್ಫಾ ಮಾತ್ರ ಹೇರಳವಾಗಿ ಹುಟ್ಟೋದು ಕಾಳು ಮೊಳಕೆ ಒಡೆದಾಗ. ಮಾಲ್ಟ್ ಅಂದರೆ ಅದೇ: ಮೊಳಕೆ ಬರಿಸಿ ಹದವಾಗಿ ಒಣಗಿಸಿದ ಕಾಳು.

ಇಲ್ಲೊಂದು ತೊಡಕಿದೆ. ಮೆಕ್ಕೆಜೋಳದ ಪಿಷ್ಟ ನೀರು ಹೀರಿ ಬಿಚ್ಚಿಕೊಳ್ಳೋಕೆ ಹೆಚ್ಚು ಕಾವು ಬೇಕು. ಹೆಚ್ಚುಕಡಿಮೆ 70 ಡಿಗ್ರಿ ಸೆಲ್ಸಿಯಸ್ ತನಕ ಹೋಗಬೇಕು, ಪೂರ್ತಿ ಬೇಯಬೇಕಾದರೆ ಕುದಿಯ ಹತ್ತಿರವೇ ಒಯ್ಯುತ್ತಾರೆ. ಆದರೆ ಬೀಟಾ ಅಮೈಲೇಸ್‌ಗೆ 60ರಿಂದ 65 ಡಿಗ್ರಿ ಹಿತ, 70 ದಾಟಿದರೆ ಬೇಗ ಸಾಯುತ್ತೆ. ಆಲ್ಫಾ 70ರ ಆಸುಪಾಸಿನಲ್ಲೂ ದುಡಿಯುತ್ತೆ, 80ರ ಹತ್ತಿರ ಅದೂ ಮುಗೀತು. ಎಲ್ಲವನ್ನೂ ಒಟ್ಟಿಗೆ ಕುದಿಸಿದರೆ ಕೆಲಸಗಾರರೇ ಬೆಂದುಹೋಗುತ್ತಾರೆ. ಅದಕ್ಕೇ ಒಂದು ಕ್ರಮ: ಮೊದಲು ಜೋಳ ಬೇಯಿಸು, ಇಳಿಸಿ 70ಕ್ಕೆ ತಂದು ರೈ ಅಥವಾ ಗೋಧಿ ಹಾಕು, 65ಕ್ಕೆ ಬಂದಮೇಲೆ ಮಾಲ್ಟ್.

ಈಗ ಲೆಕ್ಕ. ಮಾಲ್ಟ್‌ನ ಕಿಣ್ವ ಶಕ್ತಿಯನ್ನ ಲಿಂಟ್ನರ್ ಅನ್ನೋ ಅಳತೆಯಲ್ಲಿ ಹೇಳುತ್ತಾರೆ. ಬಿಯರ್ ಮಾಡುವವರ ಅನುಭವದ ಲೆಕ್ಕ ಏನಂದರೆ, ಇಡೀ ಮಿಶ್ರಣದ ಸರಾಸರಿ ಕನಿಷ್ಠ 30 ಲಿಂಟ್ನರ್ ಇದ್ದರೆ ಪಿಷ್ಟ ತನ್ನಷ್ಟಕ್ಕೆ ಸಕ್ಕರೆ ಆಗುತ್ತೆ. 70, 16, 14 ಪಟ್ಟಿ ತಗೊಳ್ಳಿ. ಬಿಯರ್ ಅಂಗಡಿಯಲ್ಲಿ ಸಿಗುವ ಸಾಧಾರಣ ಅಮೆರಿಕನ್ ಮಾಲ್ಟ್ ಸುಮಾರು 140. ಅದರ ಶೇ. 14 ಅಂದರೆ 19.6. ಸಾಲದು! ವಿಸ್ಕಿಗಾಗಿಯೇ ಮಾಡುವ ಡಿಸ್ಟಿಲರ್ಸ್ ಮಾಲ್ಟ್ 220 ಇದ್ದರೆ 30.8, ಅಂತೂ ಗಡಿ ದಾಟಿತು. ಮಾಲ್ಟ್ ಶೇ. 5 ಮಾತ್ರ ಇದ್ದರೆ 220ರ ಮಾಲ್ಟ್ ಹಾಕಿದರೂ 11 ಅಷ್ಟೇ. ಹಾಗಾಗಿ ಒಂದು ಹೆಸರಾಂತ ಪಟ್ಟಿಯನ್ನ ಗ್ರಾಂ ತಪ್ಪದೆ ನಕಲು ಮಾಡಿದರೂ ನಿಮ್ಮ ಪಾತ್ರೆ ಗಂಜಿಯಾಗೇ ಉಳಿಯಬಹುದು. ಶೇಕಡಾವಾರು ಪಟ್ಟಿ ಅರ್ಧ ಪಾಕ ಮಾತ್ರ, ಯಾವ ಮಾಲ್ಟ್ ಅನ್ನೋದು ಇನ್ನರ್ಧ. ಕೊರತೆಯನ್ನ ಬಾಟಲಿಯಲ್ಲಿ ಬರುವ ಕಿಣ್ವದಿಂದ ತುಂಬುವ ಕಾರ್ಖಾನೆಗಳೂ ಇವೆ.

ಇನ್ನೊಂದು ಮಾತು, ಬಿಯರ್ ಹವ್ಯಾಸ ಇರುವವರಿಗೆ. ಬಿಯರ್‌ನಲ್ಲಿ ಈ ಸಿಹಿನೀರನ್ನ ಸೋಸಿ ಕುದಿಸುತ್ತಾರೆ, ಕಿಣ್ವಗಳು ಅಲ್ಲಿಗೆ ಸತ್ತವು. ಬರ್ಬನ್‌ನಲ್ಲಿ ಕುದಿಸಲ್ಲ, ಕಾಳಿನ ಸಮೇತ ಹುದುಗೋಕೆ ಬಿಡುತ್ತಾರೆ. ಅಳಿದುಳಿದ ಕಿಣ್ವ ಆ ಮೂರು ನಾಲ್ಕು ದಿನವೂ ನಿಧಾನವಾಗಿ ಕತ್ತರಿಸುತ್ತಲೇ ಇರುತ್ತೆ. ಸಾವರ್ ಮ್ಯಾಶ್ ಅನ್ನೋ ಹೆಸರು ಕೇಳಿ ಹಳೇ ದೋಸೆಹಿಟ್ಟು ಹೊಸದಕ್ಕೆ ಬೆರೆಸಿದ ಹಾಗೆ ಅಂದುಕೊಳ್ಳುವವರಿದ್ದಾರೆ. ಅದು ಬಟ್ಟಿ ಇಳಿಸಿದ ಮೇಲೆ ಉಳಿದ ಹುಳಿನೀರು, ಕುದಿದಿರುವುದರಿಂದ ಅದರಲ್ಲಿ ಜೀವಂತ ಯೀಸ್ಟ್ ಇರಲ್ಲ. ಅದರ ಒಂದು ಮುಖ್ಯ ಕೆಲಸ ಗಂಜಿಯ ಆಮ್ಲೀಯತೆಯನ್ನ ಕಿಣ್ವ ಮತ್ತು ಯೀಸ್ಟ್‌ಗೆ ಒಗ್ಗುವಂತೆ ಮಾಡೋದು.

ಸರಿ, ರಾಗಿಗೆ ಬರೋಣ. ಮೊಳಕೆ ಕಟ್ಟಿದ ರಾಗಿಯಲ್ಲೂ ಅಮೈಲೇಸ್ ಚೆನ್ನಾಗೇ ಹುಟ್ಟುತ್ತೆ, ಕಿರುಧಾನ್ಯಗಳಲ್ಲಿ ರಾಗಿ ಮಾಲ್ಟ್‌ಗೆ ಈ ವಿಷಯದಲ್ಲಿ ಒಳ್ಳೇ ಹೆಸರಿದೆ. ನಮ್ಮಲ್ಲಿ ಇದನ್ನ ಮದ್ಯಕ್ಕಲ್ಲ, ಮಕ್ಕಳಿಗೆ ಅಂತ ಓದಿದ್ದಾರೆ. 1980ರ ದಶಕದಲ್ಲಿ ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ರಾಗಿ ಮಾಲ್ಟ್ ಮತ್ತು ಹೆಸರುಕಾಳಿನಿಂದ ಕೂಸಿನ ಆಹಾರ ರೂಪಿಸಿದರು. ಮಗುವಿನ ಹೊಟ್ಟೆ ಚಿಕ್ಕದು. ಮಾಮೂಲಿ ಹಿಟ್ಟಿನ ಗಂಜಿ ನುಂಗುವಷ್ಟು ತೆಳುವಾಗಬೇಕಾದರೆ ನೀರು ಜಾಸ್ತಿ ಹಾಕಬೇಕು, ಆಗ ಪೋಷಣೆ ಕಡಿಮೆ. ಮಾಲ್ಟ್‌ನ ಕಿಣ್ವ ಪಿಷ್ಟ ಕತ್ತರಿಸಿದರೆ ಹೆಚ್ಚು ಹಿಟ್ಟು ಹಾಕಿದರೂ ಗಂಜಿ ತೆಳು. ಕೆಂಟಕಿಯ ಪಾತ್ರೆಯಲ್ಲೂ ತೊಟ್ಟಿಲ ಪಕ್ಕದ ಬಟ್ಟಲಲ್ಲೂ ನಡೆಯೋದು ಒಂದೇ ರಾಸಾಯನಿಕ ಕ್ರಿಯೆ.

ಈಗ ಪ್ರಯೋಗ. ಯೀಸ್ಟ್ ಬೇಡ, ಬಟ್ಟಿ ಬೇಡ. ಬೇಕಾದ್ದು ಅಡುಗೆ ಥರ್ಮಾಮೀಟರ್, ತೂಕದ ಯಂತ್ರ, ಔಷಧಿ ಅಂಗಡಿಯ ಟಿಂಕ್ಚರ್ ಅಯೋಡಿನ್, ಒಂದು ಬಿಳಿ ತಟ್ಟೆ. ಪ್ರತಿ ಪಾತ್ರೆಗೆ ಒಂದು ಲೀಟರ್ ನೀರು, ಒಟ್ಟು 250 ಗ್ರಾಂ ಧಾನ್ಯ. ಮೊದಲ ಪಾತ್ರೆಗೆ ಬರೀ ಮೆಕ್ಕೆಜೋಳದ ಹಿಟ್ಟು, ಇದು ಹೋಲಿಕೆಗೆ. ಎರಡನೇದಕ್ಕೆ 175 ಗ್ರಾಂ ಜೋಳ, 40 ಗ್ರಾಂ ಗೋಧಿ ರವೆ, 35 ಗ್ರಾಂ ಪುಡಿ ಮಾಡಿದ ಬಾರ್ಲಿ ಮಾಲ್ಟ್. ಮೂರನೇದರಲ್ಲಿ ಬಾರ್ಲಿ ಬದಲು 35 ಗ್ರಾಂ ರಾಗಿ ಮಾಲ್ಟ್. ಹುರುಪಿದ್ದರೆ ನಾಲ್ಕನೇದು: 150 ಜೋಳ, 88 ರೈ, 12 ಬಾರ್ಲಿ ಮಾಲ್ಟ್. ರೈಯ ನಾರಿನಂಶ ನೀರು ಹಿಡಿದು ಗೋಂದಿನ ಹಾಗೆ ಅಂಟುತ್ತೆ, ತೊಳೆಯೋರಿಗೆ ಮೊದಲೇ ಹೇಳಿಡಿ.

ರಾಗಿ ಮಾಲ್ಟನ್ನ ಮನೆಯಲ್ಲೇ ಮಾಡಿ. ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಎರಡು ಮೂರು ದಿನ ಮೊಳಕೆ ಬರಿಸಿ, ಬಿಸಿಲಲ್ಲೋ 50 ಡಿಗ್ರಿ ಮೀರದ ಅವನ್‌ನಲ್ಲೋ ಒಣಗಿಸಿ, ಪುಡಿ ಮಾಡಿ. ಅಂಗಡಿಯ ರಾಗಿ ಮಾಲ್ಟ್ ಪೊಟ್ಟಣ ಹುರಿದದ್ದಾಗಿದ್ದರೆ ಕೆಲಸಕ್ಕೆ ಬಾರದು, ಹುರಿಹಿಟ್ಟೂ ಅಷ್ಟೇ. ಘಮ ಬರುವಷ್ಟು ಹುರಿದರೆ ಕಿಣ್ವ ಉಳಿಯಲ್ಲ.

ಮಾಲ್ಟ್ ಇರುವ ಪಾತ್ರೆಗಳಲ್ಲಿ ಅದರ ಒಂದು ಚಮಚವನ್ನ ಜೋಳದ ಹಿಟ್ಟಿನ ಜೊತೆ ತಣ್ಣೀರಲ್ಲೇ ಕದಡಿ. ಕಾವೇರುವಾಗ ಅದು ಸಾಯೋದಕ್ಕೆ ಮುಂಚೆ ಒಂದಿಷ್ಟು ಪಿಷ್ಟ ಕತ್ತರಿಸಿ ಗಂಜಿ ಸಡಿಲ ಮಾಡುತ್ತೆ, ತಳ ಹಿಡಿಯೋದು ಕಡಿಮೆ. ಸಣ್ಣ ಉರಿಯಲ್ಲಿ ಅರ್ಧ ಗಂಟೆ ತಿರುವುತ್ತಾ ಬೇಯಿಸಿ. 70ಕ್ಕೆ ಇಳಿದಾಗ ಗೋಧಿ ಅಥವಾ ರೈ, 65ರಲ್ಲಿ ಉಳಿದ ಮಾಲ್ಟ್. ಮುಚ್ಚಿ, ಕಂಬಳಿ ಸುತ್ತಿ ಒಂದೂವರೆ ಗಂಟೆ ಇಡಿ.

ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಚಮಚ ತಿಳಿನೀರನ್ನ ತಟ್ಟೆಗೆ ಹಾಕಿ, ಆರಿದ ಮೇಲೆ ಒಂದು ಹನಿ ಅಯೋಡಿನ್ ಬಿಡಿ. ಕಡುನೀಲಿ ಬಂದರೆ ಪಿಷ್ಟ ಇನ್ನೂ ಇದೆ. ಅಯೋಡಿನ್ನಿನ ಕಂದು ಬಣ್ಣ ಹಾಗೇ ಉಳಿದರೆ ಮುಗಿದಿದೆ. ಹೊಟ್ಟಿನ ಚೂರು ಬೇಡ, ಅದು ಕಪ್ಪಾಗಿ ದಾರಿ ತಪ್ಪಿಸುತ್ತೆ. ಪರೀಕ್ಷೆ ಮಾಡಿದ್ದನ್ನ ಚೆಲ್ಲಿ, ಪಾತ್ರೆಗೆ ವಾಪಸ್ ಹಾಕಬೇಡಿ. ರಿಫ್ರಾಕ್ಟೋಮೀಟರ್ ಇರುವವರು ಬ್ರಿಕ್ಸ್ ಕೂಡ ಬರೆದಿಡಿ, ಪೂರ್ತಿ ಪರಿವರ್ತನೆ ಆದರೆ 15ರ ಆಸುಪಾಸು ಬರಬೇಕು. ಆದರೆ ಅದು ಕರಗಿದ್ದನ್ನೆಲ್ಲ ಅಳೆಯುತ್ತೆ, ಸಕ್ಕರೆಯೊಂದನ್ನೇ ಅಲ್ಲ. ಅಯೋಡಿನ್ ಜೊತೆಗೇ ಓದಿ.

ಮೊದಲ ಪಾತ್ರೆ ಮುದ್ದೆಯಾಗಿಯೇ ಇರುತ್ತೆ. ಎರಡನೇದು ಕಣ್ಣೆದುರೇ ನೀರಾಗಿ ಸಿಹಿಯಾಗುತ್ತೆ, ಆದರೆ ನೀಲಿ ಪೂರ್ತಿ ಹೋಗುತ್ತಾ ಅನ್ನೋದು ನಿಮ್ಮ ಮಾಲ್ಟ್‌ನ ಲಿಂಟ್ನರ್ ಮೇಲೆ. ನಾಲ್ಕನೇದು ಹಠ ಮಾಡಬಹುದು ಅಂತ ಲೆಕ್ಕವೇ ಹೇಳುತ್ತೆ. ಕೇಳುಗರ ರಾಗಿ ಪಾತ್ರೆ ತೆಳುವಾಗುತ್ತೆ, ಆದರೆ ಬಾರ್ಲಿಯಷ್ಟು ಬೇಗ ನೀಲಿ ಬಿಡುತ್ತೆ ಅಂತ ನಿರೀಕ್ಷಿಸಬೇಡಿ. ರಾಗಿಯ ಪೊಟ್ಟಣದ ಮೇಲೆ ಲಿಂಟ್ನರ್ ಬರೆದಿರಲ್ಲ, ನಿಮ್ಮ ಮೊಳಕೆ ಎಷ್ಟು ಗಟ್ಟಿ ಅನ್ನೋದನ್ನ ಆ ತಟ್ಟೆಯೇ ಹೇಳಬೇಕು. 35 ಗ್ರಾಂ ಸಾಲದಿದ್ದರೆ ಜೋಳದಲ್ಲಿ 25 ಗ್ರಾಂ ಇಳಿಸಿ, ರಾಗಿಯನ್ನ 60 ಮಾಡಿ ನೋಡಿ. ಜೋಳ ಆಗಲೂ ಶೇ. 60, ಬರ್ಬನ್‌ನ ಧಾನ್ಯದ ಗಡಿಯೊಳಗೇ ಇದ್ದೀರಿ.

ಉಳಿದ ಸಿಹಿನೀರನ್ನ ಸೋಸಿ, ಕುದಿಸಿ ಪಾಕ ಮಾಡಿ ದೋಸೆಗೆ ಹಾಕಿಕೊಳ್ಳಿ, ಇಲ್ಲವೇ ಅದೇ ದಿನ ಫ್ರಿಜ್‌ಗೆ ಸೇರಿಸಿ. ಹೊರಗೆ ಬಿಟ್ಟರೆ ಗಾಳಿಯ ಯೀಸ್ಟ್ ನಿಮ್ಮನ್ನ ಕೇಳದೇ ಕೆಲಸ ಶುರುಮಾಡುತ್ತೆ. ಆ ಯೀಸ್ಟ್‌ನ ಕತೆ ಮುಂದಿನ ಸಂಚಿಕೆಗೆ. ನಿಮ್ಮ ತಟ್ಟೆಯ ಫೋಟೋ, ಜೊತೆಗೆ ಗ್ರಾಂ ಮತ್ತು ಡಿಗ್ರಿ ಬರೆದು ನಮಗೆ ಕಳಿಸಿ.