ಯೋಚನೆಗೂ ಸಾಕ್ಷಿ ಕೇಳಿ

ಪರವೂರಿನಲ್ಲಿರುವ ಮಗಳು ರಾತ್ರಿ ಒಂಬತ್ತಕ್ಕೆ ಫೋನು ಎತ್ತಲಿಲ್ಲ. ‘ಏನೋ ಅನಾಹುತವಾಗಿದೆ’ ಎಂದು ನಿಮ್ಮ ಎದೆ ಹೊಡೆದುಕೊಳ್ಳುತ್ತದೆ, ಊಟ ಸೇರುವುದಿಲ್ಲ. ನಿಮ್ಮ ಯಜಮಾನರು ‘ಬಸ್ಸಿನಲ್ಲಿರಬೇಕು’ ಎಂದು ಮಲಗಿಬಿಡುತ್ತಾರೆ. ನಿಮ್ಮನ್ನು ಕಂಗೆಡಿಸಿದ್ದು ಎತ್ತದ ಫೋನೋ, ಅದಕ್ಕೆ ನೀವು ಕೊಟ್ಟ ಅರ್ಥವೋ?

ಗುಲಾಮನಾಗಿ ಬಾಳಿದ್ದ ತತ್ವಜ್ಞಾನಿ ಎಪಿಕ್ಟೀಟಸ್ ಈ ವ್ಯತ್ಯಾಸವನ್ನು ಸುಮಾರು 1900 ವರ್ಷಗಳ ಹಿಂದೆಯೇ ಶಿಷ್ಯರಿಗೆ ಕಲಿಸಿದ್ದನು. 1960ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಮನೋವೈದ್ಯ ಆರನ್ ಬೆಕ್, ಖಿನ್ನರಾದವರಲ್ಲಿ ‘ನಾನು ಯಾತಕ್ಕೂ ಬಾರದವನು’ ಎಂಬಂಥ ಯೋಚನೆಗಳು ತಾವಾಗಿಯೇ ನುಗ್ಗಿಬರುವುದನ್ನು ಗಮನಿಸಿ, ಅವುಗಳನ್ನು ಪರೀಕ್ಷಿಸುವ ಚಿಕಿತ್ಸೆಯನ್ನು ರೂಪಿಸಿದರು. ಅದೇ ಮುಂದೆ ಅರಿವಿನ ವರ್ತನಾ ಚಿಕಿತ್ಸೆ, ಸಿ.ಬಿ.ಟಿ. ಎಂದು ಬೆಳೆಯಿತು.

ಇದಕ್ಕೆ ಬೇಕಾದದ್ದು ಒಂದು ನೋಟ್‌ಬುಕ್. ನಡೆದದ್ದೇನು, ಆಗ ಬಂದ ಯೋಚನೆ ಯಾವುದು, ಅದು ನಿಜವೆನ್ನಲು ಸಾಕ್ಷಿ ಏನು, ಅಲ್ಲವೆನ್ನಲು ಏನು, ಬೇರೆ ಕಾರಣ ಇರಬಹುದೇ ಎಂದು ಬರೆಯಬೇಕು. ‘ಎಲ್ಲ ಒಳ್ಳೆಯದೇ ಆಗುತ್ತದೆ’ ಎಂದು ಮನಸ್ಸನ್ನು ನಂಬಿಸುವ ಉಪಾಯ ಇದಲ್ಲ. ಯೋಚನೆಯನ್ನೇ ಕಟಕಟೆಯಲ್ಲಿ ನಿಲ್ಲಿಸುವುದು. ಜೊತೆಗೆ, ಮನಸ್ಸು ಬರಲೆಂದು ಕಾಯದೆ ಸಣ್ಣ ಕೆಲಸವೊಂದನ್ನು ಆರಂಭಿಸುವುದು, ಭಯದಿಂದ ದೂರವಿಟ್ಟದ್ದನ್ನು ಹಂತಹಂತವಾಗಿ ಎದುರಿಸುವುದು.

ಇಷ್ಟು ಕ್ರಮಬದ್ಧವಾಗಿರುವುದರಿಂದಲೇ ಇದನ್ನು ಕಂಪ್ಯೂಟರಿಗೆ ಅಳವಡಿಸಲು ಸಾಧ್ಯವಾಯಿತು. ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯವರು 2001ರಲ್ಲಿ ‘ಮೂಡ್‌ಜಿಮ್’ ಎಂಬ ಪಾಠಮಾಲೆಯನ್ನು ಇಂಟರ್‌ನೆಟ್ಟಿನಲ್ಲಿ ತೆರೆದರು. 525 ಜನರ ಮೇಲೆ ನಡೆದ ಅದರ ಪರೀಕ್ಷೆಯ ಫಲ 2004ರಲ್ಲಿ ಪ್ರಕಟವಾಯಿತು. ಖಿನ್ನತೆಯ ಲಕ್ಷಣಗಳು ತಗ್ಗಿದ್ದವು. ಆದರೆ ಇಂಥ ಪಾಠಗಳನ್ನು ಒಂಟಿಯಾಗಿ ಹಿಡಿದವರಲ್ಲಿ ಅನೇಕರು ಅರ್ಧಕ್ಕೇ ಬಿಡುತ್ತಾರೆ. ವಾರಕ್ಕೊಮ್ಮೆ ಯಾರಾದರೂ ‘ಎಲ್ಲಿಯವರೆಗೆ ಬಂತು?’ ಎಂದು ವಿಚಾರಿಸಿ ನಾಲ್ಕು ಸಾಲು ಬರೆದರೆ ಫಲ ಹೆಚ್ಚು. ಯಂತ್ರ ಎಷ್ಟು ಜಾಣನಾದರೂ ಮನುಷ್ಯನಿಗೆ ಮನುಷ್ಯ ಬೇಕು, ನೋಡಿ!

ಮನೆಯವರು ಆ ವಿಚಾರಿಸುವವರಾಗಬಹುದು. ‘ನಿನಗೆ ವಿಶ್ವಾಸ ಸಾಲದು, ಅದಕ್ಕೇ ಹೀಗೆ’ ಎನ್ನಬೇಡಿ. ಖಿನ್ನರಾದವರು ತಮ್ಮ ಮೇಲೆ ತಾವೇ ಹೊರಿಸಿಕೊಂಡಿರುವ ಸುಳ್ಳು ಆರೋಪಗಳಿಗೆ ನೀವು ಇನ್ನೊಂದನ್ನು ಸೇರಿಸಿದಂತಾಗುತ್ತದೆ. ಪ್ರಾರ್ಥನೆ ಇರಲಿ, ನೋಟ್‌ಬುಕ್ಕೂ ಇರಲಿ. ವೈದ್ಯರು ಕೊಟ್ಟ ಮಾತ್ರೆಯನ್ನು ತಾವಾಗಿ ನಿಲ್ಲಿಸುವುದು ಬೇಡ.

ಸಾಯುವ ಮಾತು ಬಂದರೆ, ಊಟ ನಿದ್ರೆ ಕೆಟ್ಟು ಹಾಸಿಗೆ ಬಿಟ್ಟೇಳದಿದ್ದರೆ ಪಾಠಮಾಲೆ ಸಾಲದು. ಅಂಥವರನ್ನು ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಯಾರನ್ನು ಕೇಳುವುದೆಂದು ತೋಚದಿದ್ದರೆ, ಕೇಂದ್ರ ಸರಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ‘ಟೆಲಿ ಮಾನಸ್’ನ 14416ಕ್ಕೆ ಫೋನು ಮಾಡಿ. ದುಡ್ಡಿಲ್ಲ, ಹಗಲಿರುಳೂ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು.